ಉತ್ತರಕ್ಕೆ 25 ನಿಮಿಷ

ನಮ್ಮ ಆಟಕ್ಕೆ ಬಂದ ಮೊಟ್ಟಮೊದಲ ಪ್ರತಿಕ್ರಿಯೆ ಎರಡೇ ಪದದ್ದು: ‘ಬೋರು ಗುರು.’ ಎರಡನೆಯದು ಸ್ವಲ್ಪ ಉದ್ದ: ‘ಚೆನ್ನಾಗಿದೆ, ಆದ್ರೆ ಯಾಕೆ ಇಷ್ಟು ಕಾಯಿಸ್ತೀರಾ?’ ಮೂರನೆಯದು ನಮ್ಮ ಸೋದರತ್ತೆಯದು, ‘ಫೋನಲ್ಲಿ ಬರುತ್ತಾ?’ ಅಂತ. ಬರಲ್ಲ ಅತ್ತೆ, ಕಂಪ್ಯೂಟರ್ ಬೇಕು ಅಂದೆ. ಅಲ್ಲಿಗೆ ಅವರ ಆಸಕ್ತಿ ಮುಗೀತು.

ಹಗಲೆಲ್ಲ ಬೆಂಗಳೂರಿನ ಒಂದು ಕಂಪನಿಗೆ ಕೋಡ್ ಬರೆಯೋದು, ರಾತ್ರಿ ಊಟ ಆದ ಮೇಲೆ ನಮ್ಮ ಆಟಕ್ಕೆ ಕೋಡ್ ಬರೆಯೋದು, ಹೀಗೆ ಹದಿನಾಲ್ಕು ತಿಂಗಳು ಕಳೆದವು. ಚಿತ್ರ ಬರೆದವಳು ಹುಬ್ಬಳ್ಳಿಯಲ್ಲಿರುವ ನನ್ನ ಕಾಲೇಜಿನ ಗೆಳತಿ. ಆಟ ಆಡಿ ಮುಗಿಸೋಕೆ ಬೇಕಾಗೋದು ಐವತ್ತು ನಿಮಿಷ. ಹದಿನಾಲ್ಕು ತಿಂಗಳಿಗೆ ಐವತ್ತು ನಿಮಿಷ ಅಂದಾಗ ಅಮ್ಮ ಲೆಕ್ಕ ಹಾಕೋಕೆ ಹೊರಟು, ಪಾಪ, ಅರ್ಧಕ್ಕೇ ನಿಲ್ಲಿಸಿದ್ರು. ಆಟದ ಹೆಸರು ಮಾತ್ರ ಇಲ್ಲಿ ಹೇಳೋದಿಲ್ಲ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ಇದರ ಬೀಜ ಬಿದ್ದದ್ದು 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ. ಮಂಗಳಯಾನ ಮಂಗಳನ ಕಕ್ಷೆಗೆ ಸೇರಿದ ದಿನ. ನಾನಾಗ ಪಿಯುಸಿ, ಟಿವಿ ಮುಂದೆ ಕೂತಿದ್ದೆ. ಅವತ್ತು ಮಂಗಳ ನಮ್ಮಿಂದ ಎಷ್ಟು ದೂರ ಇತ್ತು ಅಂದ್ರೆ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವ ರೇಡಿಯೊ ಸಂಕೇತಕ್ಕೂ ಅಲ್ಲಿಂದ ಇಲ್ಲಿಗೆ ಬರೋಕೆ ಹತ್ತಿರ ಹತ್ತಿರ ಹನ್ನೆರಡೂವರೆ ನಿಮಿಷ ಬೇಕಿತ್ತು. ಎಂಜಿನ್ ಉರಿಸುವ ಆದೇಶಗಳನ್ನೆಲ್ಲ ಮೊದಲೇ ಕಳಿಸಿಟ್ಟಿದ್ರು. ನೌಕೆ ಗ್ರಹದ ಹಿಂದಕ್ಕೆ ಹೋಯ್ತು, ಸಂಪರ್ಕ ಕಡಿದುಹೋಯ್ತು. ಆ ಹೊತ್ತಲ್ಲಿ ಅಷ್ಟೆಲ್ಲ ಓದಿದ ವಿಜ್ಞಾನಿಗಳಿಗೂ ಉಳಿದಿದ್ದ ಕೆಲಸ ಒಂದೇ, ಕಾಯೋದು. ಅವರ ಮುಖಗಳು ನನಗೆ ಇನ್ನೂ ನೆನಪಿವೆ. ಚಪ್ಪಾಳೆ ತಟ್ಟಿದ್ದಕ್ಕಿಂತ ಅದಕ್ಕೂ ಮೊದಲಿನ ಆ ಮೌನವೇ ಹೆಚ್ಚು ನೆನಪಿದೆ.

ಬೆಂಗಳೂರಿಗೆ ಹತ್ತಿರದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಅಗಲದ ಆಂಟೆನಾ ಇದೆಯಲ್ಲ, ನಮ್ಮ ಆಟ ನಡೆಯೋದು ಅಂಥದೇ ಒಂದು ಕೇಂದ್ರದಲ್ಲಿ. ಕಾಲ ಮಾತ್ರ ಇನ್ನೂ ಐವತ್ತು ವರ್ಷ ಮುಂದೆ. ನೀವು ರಾತ್ರಿ ಪಾಳಿಯ ಆಪರೇಟರ್. ಮಂಗಳನ ಮೇಲೆ ಒಬ್ಬ ತಂತ್ರಜ್ಞೆ ಒಂಟಿಯಾಗಿ ಸಿಕ್ಕಿಕೊಂಡಿದ್ದಾಳೆ, ಆಮ್ಲಜನಕ ತಯಾರಿಸುವ ಯಂತ್ರ ಕೆಟ್ಟಿದೆ. ಅದನ್ನ ಹೇಗೆ ರಿಪೇರಿ ಮಾಡಬೇಕು ಅಂತ ನೀವು ಇಲ್ಲಿಂದ ಹೇಳಿಕೊಡಬೇಕು. ಪ್ರತಿ ಮಾತಿಗೂ ಕಾಯಬೇಕು. ನಿಜವಾದ ಹನ್ನೆರಡು ನಿಮಿಷ ಇಟ್ಟರೆ ಯಾರೂ ಆಡಲ್ಲ ಅಂತ ಅದನ್ನ ನಲವತ್ತು ಸೆಕೆಂಡಿಗೆ ಇಳಿಸಿದ್ವಿ. ಮೇಲಿನ ‘ಬೋರು’ ಆ ನಲವತ್ತು ಸೆಕೆಂಡಿಗೆ ಸಿಕ್ಕ ಬಿರುದು.

ಇದನ್ನ ಅಡ್ವೆಂಚರ್ ಗೇಮ್ ಅಂತಾರೆ. ಗುಂಡು ಹಾರಿಸೋದು, ಓಡೋದು ಇಲ್ಲ. ನೋಡಬೇಕು, ಎತ್ಕೋಬೇಕು, ಮಾತಾಡಬೇಕು, ತಲೆ ಓಡಿಸಬೇಕು. ಈ ಜಾತಿಯ ಮೂಲಪುರುಷ ವಿಲ್ ಕ್ರೌಥರ್ ಅನ್ನೋ ಅಮೆರಿಕದ ಪ್ರೋಗ್ರಾಮರ್. ಇಂಟರ್ನೆಟ್ಟಿನ ಅಜ್ಜ ಅನ್ನಬಹುದಾದ ಆರ್ಪಾನೆಟ್‌ಗೆ ಕೆಲಸ ಮಾಡ್ತಿದ್ದವರು, ಬಿಡುವಿನಲ್ಲಿ ಗುಹೆಗಳಿಗೆ ಇಳಿಯೋ ಹುಚ್ಚು. ವಿಚ್ಛೇದನ ಆದ ಮೇಲೆ, 1976ರ ಸುಮಾರಿಗೆ, ತಮ್ಮ ಇಬ್ಬರು ಹೆಣ್ಣುಮಕ್ಕಳು ಆಡಲಿ ಅಂತ ಬರೀ ಅಕ್ಷರದಲ್ಲೇ ಒಂದು ಗುಹೆ ಕಟ್ಟಿದರು. ಅದು ಹೇಗೋ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಕೈಗೆ ಸಿಕ್ತು. ಆತನಿಗೆ ಇದನ್ನ ಬೆಳೆಸೋ ಆಸೆ, ಆದರೆ ಕ್ರೌಥರ್ ಎಲ್ಲಿದ್ದಾರೋ ಗೊತ್ತಿಲ್ಲ. ನೆಟ್‌ವರ್ಕಿನಲ್ಲಿದ್ದ ಒಂದೊಂದು ಕಂಪ್ಯೂಟರಿಗೂ ‘ಕ್ರೌಥರ್’ ಅನ್ನೋ ಹೆಸರಿಗೆ ಮೇಲ್ ಕಳಿಸಿದರಂತೆ. ಒಂದು ಕಡೆಯಿಂದ ಉತ್ತರ ಬಂತು, ಅನುಮತಿ ಸಿಕ್ತು, 1977ರಲ್ಲಿ ಬೆಳೆದ ಆಟ ಹೊರಬಂತು. ನನಗೆ ಈ ಕತೆ ಬಹಳ ಇಷ್ಟ. ಆಡಿದವನು ಬರೆದವನನ್ನ ಊರೂರು ಹುಡುಕಿಕೊಂಡು ಹೋದ ಕತೆ ಅದು.

ನಮಗೆ ಅಷ್ಟು ಕಷ್ಟ ಇರಲಿಲ್ಲ. ಆಟ ಮುಗಿದ ಮೇಲೆ ‘ಏನನ್ನಿಸಿತು?’ ಅಂತ ಒಂದು ಖಾಲಿ ಪೆಟ್ಟಿಗೆ ಇಟ್ಟಿದ್ವಿ. ಬರೆದು ಒತ್ತಿದರೆ ನಮ್ಮ ಮೇಲ್‌ಗೆ ಬರುತ್ತೆ.

ಎಲ್ಲಿ ಬಿಡುಗಡೆ ಮಾಡೋದು ಅನ್ನೋದರ ಬಗ್ಗೆ ನಮ್ಮಿಬ್ಬರಿಗೂ ಜಾಸ್ತಿ ಚರ್ಚೆ ಆಗಲಿಲ್ಲ. ದೊಡ್ಡ ಅಂಗಡಿ ಅಂದ್ರೆ ಸ್ಟೀಮ್. ಅಲ್ಲಿ ಒಂದು ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಬೇಕು. ಅದಿರಲಿ, ಅಲ್ಲಿ ಇನ್ನೊಂದು ನಿಯಮ ಇದೆ: ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಗಿರಾಕಿಗೆ ಒಳ್ಳೆಯ ನಿಯಮವೇ. ಆದರೆ ಆಟವೇ ಐವತ್ತು ನಿಮಿಷ ಇದ್ದರೆ? 2021ರಲ್ಲಿ ‘ಸಮ್ಮರ್ ಆಫ್ ಫಿಫ್ಟಿ ಎಯ್ಟ್’ ಅನ್ನೋ ಪುಟ್ಟ ಹಾರರ್ ಆಟ ಮಾಡಿದವರು ಇದೇ ಕಾರಣ ಕೊಟ್ಟು ಆಟ ಮಾಡೋದನ್ನೇ ಸದ್ಯಕ್ಕೆ ಬಿಡ್ತೀನಿ ಅಂದಿದ್ರು. ಜನ ಪೂರ್ತಿ ಆಡಿ, ಮೆಚ್ಚಿ, ಆಮೇಲೆ ದುಡ್ಡೂ ವಾಪಸ್ ತಗೊಂಡಿದ್ರು. ಹೋಟೆಲಿನಲ್ಲಿ ತಟ್ಟೆ ಖಾಲಿ ಮಾಡಿ, ದೋಸೆ ಸಣ್ಣದಿತ್ತು ಅಂದ ಹಾಗೆ. ನಾವು ಇಚ್ ಡಾಟ್ ಐಒ ಸಾಕು ಅಂದ್ಕೊಂಡ್ವಿ. ಅಲ್ಲಿ ಬೆಲೆಯನ್ನ ಆಡುವವರಿಗೇ ಬಿಡಬಹುದು, ಅಂಗಡಿಯವರಿಗೆ ಎಷ್ಟು ಪಾಲು ಅನ್ನೋದನ್ನೂ ನಾವೇ ತೀರ್ಮಾನಿಸಬಹುದು. ಬಂದ ದುಡ್ಡಿನ ವಿಷಯ ಕೇಳಬೇಡಿ. ಇಬ್ಬರೂ ಒಂದು ಸಲ ಒಳ್ಳೆ ಊಟ ಮಾಡಿದ್ವಿ.

ಸರಿ, ಪ್ರತಿಕ್ರಿಯೆಗಳ ವಿಷಯಕ್ಕೆ ಬರೋಣ. ಮೊದಲ ವಾರ ಹೆಚ್ಚು ಬಂದ ದೂರು ಯಾವುದು ಗೊತ್ತಾ? ಸೂರ್ಯಾಸ್ತದ ಬಣ್ಣ! ‘ಬಗ್ ಇದೆ, ಸಂಜೆ ಆಕಾಶ ನೀಲಿ ಬರ್ತಿದೆ.’ ಬಗ್ ಅಲ್ಲ ಸ್ವಾಮಿ, ಮಂಗಳನಲ್ಲಿ ಇರೋದೇ ಹಾಗೆ. ಅಲ್ಲಿನ ಹಗಲು ಕೆಂಪು ಕೆಂಪು, ಮುಳುಗುವ ಸೂರ್ಯನ ಸುತ್ತ ಮಾತ್ರ ನೀಲಿ. ಗಾಳಿಯಲ್ಲಿರುವ ನುಣ್ಣನೆ ಧೂಳಿನ ಕರಾಮತ್ತು ಅದು. ನನ್ನ ಗೆಳತಿ ನಾಸಾದ ಫೋಟೊಗಳನ್ನ ಇಟ್ಟುಕೊಂಡು ಮೂರು ವಾರ ಕೂತು ಆ ನೀಲಿಯನ್ನ ಬೆರೆಸಿದ್ದಳು. ಇನ್ನೊಬ್ಬರು, ಮಂಗಳದ ಗಾಳಿಯಿಂದ ಆಮ್ಲಜನಕ ತೆಗೆಯೋದೆಲ್ಲ ಸಿನಿಮಾ ಅಂದ್ರು. ಅಲ್ಲ, 2021ರಲ್ಲೇ ನಾಸಾದ ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಅನ್ನೋ ಪೆಟ್ಟಿಗೆ ಅಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಆಮ್ಲಜನಕ ತೆಗೆದು ತೋರಿಸಿದೆ. ನಮ್ಮ ಯಂತ್ರ ಅದರ ಮರಿಮೊಮ್ಮಗಳು.

ಭಾಷೆಯ ಬಗ್ಗೆ ಬಂದ ಪತ್ರಗಳಂತೂ ಇನ್ನೊಂದು ಅಂಕಣಕ್ಕಾಗುವಷ್ಟಿವೆ. ಆಟ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ತಂತ್ರಜ್ಞೆ ಧಾರವಾಡದ ಕಡೆಯ ಕನ್ನಡ ಮಾತಾಡ್ತಾಳೆ, ಅದು ನನ್ನ ಗೆಳತಿಯದೇ ಬಾಯಿ. ಒಬ್ಬರು ಬರೆದರು: ‘ಮಂಗಳಕ್ಕೂ ಧಾರವಾಡದವ್ರೇ ಹೋಗ್ಬೇಕೇನ್ರಿ? ನಮ್ ಕಲಬುರಗಿ ಮಂದಿ ಏನ್ ತಪ್ ಮಾಡ್ಯಾರ?’ ನ್ಯಾಯವಾದ ಪ್ರಶ್ನೆ. ‘ಕಂಟ್ರೋಲ್ ಪ್ಯಾನೆಲ್’ ಅಂತ ಯಾಕೆ ಬರೆದ್ರಿ, ‘ನಿಯಂತ್ರಣ ಫಲಕ’ ಅನ್ನಬಾರದಾ ಅಂತ ಒಬ್ಬರು. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟುತ್ತಿರುವವಳು ನಿಯಂತ್ರಣ ಫಲಕ ಅಂತಾಳಾ ಹೇಳಿ.

ಆದರೆ ಯಾರೂ ಗಮನಿಸದ ಒಂದು ಕೆಲಸ ಇದೆ, ಅದನ್ನ ಇಲ್ಲಿ ಹೇಳಿಕೊಳ್ಳದೆ ಇರಲಾರೆ. ಇಂಥ ಆಟಗಳಲ್ಲಿ ಮಾತು ಟೈಪ್ ಮಾಡಿದ ಹಾಗೆ ಒಂದೊಂದೇ ಅಕ್ಷರವಾಗಿ ಮೂಡುತ್ತೆ. ಇಂಗ್ಲಿಷಿಗೆ ಅದು ಸಲೀಸು. ಕನ್ನಡದಲ್ಲಿ ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ತುಂಡು. ಅದರ ಪಾಡಿಗೆ ಬಿಟ್ಟರೆ ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’, ಹೀಗೆ ಕಣ್ಣೆದುರೇ ಅಕ್ಷರ ಬಾಲ ಬೆಳೆಸಿಕೊಳ್ಳುತ್ತಾ ಕುಣಿಯುತ್ತೆ. ನಾವು ಬಳಸಿದ ಗೊಡೊ ಎಂಜಿನ್ನಿಗೆ 2023ರ ನಾಲ್ಕನೇ ಆವೃತ್ತಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರಿಸೋದು ಬಂತು, ಪುಣ್ಯಕ್ಕೆ. ಅದರ ಮೇಲೆ, ಇಡೀ ಅಕ್ಷರ ಒಟ್ಟಿಗೇ ಮೂಡೋ ಹಾಗೆ ಮಾಡೋಕೆ ನನಗೆ ಎರಡು ಭಾನುವಾರ ಹಿಡೀತು. ಸರಿಯಾಗಿದ್ದರೆ ಕಣ್ಣಿಗೇ ಬೀಳದ ಕೆಲಸ ಅದು. ಪೆಟ್ಟಿಗೆಯಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಸುಳಿವಿನ ವಿಷಯದಲ್ಲಿ ನಮ್ಮ ಗುರು ಇನ್ಫೊಕಾಮ್ ಕಂಪನಿ. ಅವರು 1984ರಲ್ಲಿ ಡಗ್ಲಸ್ ಆಡಮ್ಸ್ ಜೊತೆ ಸೇರಿ ‘ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯ ಆಟ ಮಾಡಿದ್ರು. ಅದರಲ್ಲಿ ಬೇಬಲ್ ಮೀನು ಹಿಡಿಯೋ ಒಗಟು ಎಷ್ಟು ಕಷ್ಟ ಅಂದ್ರೆ, ‘ನನಗೆ ಬೇಬಲ್ ಮೀನು ಸಿಕ್ತು’ ಅಂತ ಬರೆದ ಟೀ ಶರ್ಟ್ ಬಂದಿತ್ತು. ಸಿಕ್ಕಿಕೊಂಡವರಿಗೆ ಅವರು ಮಾರುತ್ತಿದ್ದ ಪುಸ್ತಕದಲ್ಲಿ ಸುಳಿವುಗಳು ಕಾಣದ ಶಾಯಿಯಲ್ಲಿ ಇರ್ತಿದ್ವು. ಪೆನ್ನು ಉಜ್ಜಿದರೆ ಮೊದಲು ಸಣ್ಣ ಸುಳಿವು, ಇನ್ನೂ ಉಜ್ಜಿದರೆ ದೊಡ್ಡದು, ಕೊನೆಗೆ ಉತ್ತರ. ಎಷ್ಟು ಬೇಕೋ ಅಷ್ಟೇ. ನಮ್ಮ ಆಟದಲ್ಲೂ ಹಗಲು ಪಾಳಿಯವನು ಬಿಟ್ಟುಹೋದ ಚೀಟಿಗಳು ಹೀಗೇ ಕೆಲಸ ಮಾಡುತ್ತವೆ. ಇದನ್ನ ಎಲ್ಲರೂ ಹೊಗಳಿದ್ರು, ನಾನೂ ಸುಮ್ಮನೆ ಹೊಗಳಿಸಿಕೊಂಡೆ.

ಕಾಯುವ ನಲವತ್ತು ಸೆಕೆಂಡು ಮಾತ್ರ ಬಗೆಹರಿಯದೆ ಉಳೀತು. ನಮ್ಮ ಭಾವನನ್ನ ಕೂರಿಸಿ, ಹಿಂದೆ ನಿಂತು ನೋಡಿದೆ. ಆಡುವವರ ಹಿಂದೆ ಬಾಯಿ ಮುಚ್ಚಿಕೊಂಡು ನಿಲ್ಲೋದು ಏನು ಕಷ್ಟ ಅಂತೀರಿ! ‘ಆ ಡ್ರಾಯರ್ ತೆಗೀರಿ ಭಾವ’ ಅಂತ ನಾಲಿಗೆ ತುದಿಗೆ ಬಂದಿರುತ್ತೆ. ಅವರು ಸಂದೇಶ ಕಳಿಸಿದ ಮೇಲೆ ಪರದೆಯನ್ನೇ ದಿಟ್ಟಿಸಿ ಕೂತರು, ಕಾಲು ಅಲ್ಲಾಡಿಸಿದರು, ಫೋನ್ ತೆಗೆದರು. ಆಮೇಲೆ ಅಕ್ಕ ಕೂತಳು. ಅವಳು ಸಂದೇಶ ಕಳಿಸಿ, ಕೋಣೆಯೆಲ್ಲ ಸುತ್ತಿ, ಹಳೇ ಲಾಗ್ ಪುಸ್ತಕ ಓದಿ, ಕಿಟಕಿ ತೆಗೆದು ನೋಡಿದಳು. ಉತ್ತರ ಬಂದಾಗ ‘ಅಯ್ಯೋ, ಆಗ್ಲೇ ಬಂತಾ?’ ಅಂದಳು. ಅದೇ ನಲವತ್ತು ಸೆಕೆಂಡು. ಹೊಟ್ಟೆನೋವು ಅಂತ ಬಂದವರ ನೋವು ನಿಜ, ಆದರೆ ಅವರು ಕೇಳುವ ಮಾತ್ರೆಯನ್ನೇ ಕೊಡಬೇಕಾಗಿಲ್ಲ. ‘ಸ್ಕಿಪ್’ ಬಟನ್ ಕೊಡಲಿಲ್ಲ. ಕೋಣೆಗೆ ಒಂದು ಟೀ ಕೆಟಲ್, ಒಂದು ಹಳೇ ರೇಡಿಯೊ ತಂದಿಟ್ವಿ. ದೂರು ಅರ್ಧಕ್ಕರ್ಧ ಕಡಿಮೆ ಆಯ್ತು.

ಇಲ್ಲಿವರೆಗೆ ನಾನೂ ಗೆಳತಿಯೂ ಒಂದೇ ಪಕ್ಷ. ಜಗಳ ಬಂದದ್ದು ಅಂತ್ಯಕ್ಕೆ.

ಆಟದ ಕೊನೆಯಲ್ಲಿ ನೀವು ಕೊನೆಯ ಸೂಚನೆ ಕಳಿಸ್ತೀರಿ. ಅದು ಸರಿಯಾಗಿಯೇ ಇರುತ್ತೆ, ಅವಳು ಹಾಗೇ ಮಾಡಿದರೆ ಉಳೀತಾಳೆ. ಸಂದೇಶ ಹೊರಡುತ್ತೆ, ಬೆಳಗಾಗುತ್ತೆ, ಪಾಳಿ ಮುಗಿಯುತ್ತೆ. ಉತ್ತರ ಬರಲ್ಲ. ಅದು ನನ್ನ ಹಟ. ಬೆಳಕು ಇನ್ನೂ ದಾರಿಯಲ್ಲೇ ಇರುವಾಗ ಆಟ ಮುಗೀಬೇಕು, ಮುಂದಿನದು ನಮ್ಮ ಕೈಲಿಲ್ಲ ಅನ್ನೋದು ಅಂಗೈಗೆ ತಾಕಬೇಕು. ಬೈದವರು ಬೈದರು. ನನಗೆ ಏನೂ ಅನ್ನಿಸಲಿಲ್ಲ.

ಆಮೇಲೆ ಒಂದು ಪತ್ರ ಬಂತು. ಬರೆದವರ ಗಂಡ ಸರಕು ಹಡಗಿನಲ್ಲಿ ಕೆಲಸ ಮಾಡ್ತಾರೆ. ನೆಟ್ ಸಿಕ್ಕಾಗ ಮಾತ್ರ ಮೆಸೇಜು, ಇಲ್ಲದಿದ್ದರೆ ದಿನಗಟ್ಟಲೆ ಇಲ್ಲ. ಅವರು ಬರೆದಿದ್ದು ಇಷ್ಟು: ‘ಆಟ ಮುಗಿದ ಮೇಲೂ ಪರದೆ ಆರಿಸಲಿಲ್ಲ. ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡಿದೆ. ಒಂದು ಸಾಲಾದ್ರೂ ಇಡಬಹುದಿತ್ತು.’

ಗೆಳತಿ ಫೋನ್ ಮಾಡಿದಳು. ‘ಇವ್ರಿಗೆ ಉತ್ತರ ಕೊಡಬೇಕು ನೋಡು.’ ಮೇಲ್ ಬರೆಯೋಣ ಅಂದೆ. ‘ಮೇಲ್ ಅಲ್ಲೋ, ಆಟದಾಗ.’ ಒಬ್ಬರಿಗಾಗಿ ಅಂತ್ಯ ಬದಲಾಯಿಸಿದರೆ ನಾಳೆ ಇನ್ನೊಬ್ಬರು ಇನ್ನೊಂದು ಕೇಳ್ತಾರೆ ಅಂದೆ. ‘ನೀ ಕಾಯೋದ್ರ ಬಗ್ಗೆ ಆಟ ಮಾಡೀ, ಕಾಯೋರ್ನ ನೋಡೇ ಇಲ್ಲ’ ಅಂದಳು. ಆ ಮಾತು ನನಗೆ ಸರಿ ಅನ್ನಿಸಲಿಲ್ಲ, ಚುಚ್ಚಿತು ಅಷ್ಟೇ. ನಾಲ್ಕು ದಿನ ಇಬ್ಬರೂ ಮಾತಾಡಲಿಲ್ಲ. ಹನ್ನೆರಡು ವರ್ಷದ ಸ್ನೇಹದಲ್ಲಿ ಅಷ್ಟು ದಿನ ಸುಮ್ಮನಿದ್ದದ್ದು ಅದೇ ಮೊದಲು.

ಐದನೇ ದಿನ ಅವಳಿಂದ ಒಂದು ಚಿತ್ರ ಬಂತು. ಆಟದ ಕೊನೆಯ ಪರದೆ, ಅದರಲ್ಲಿ ಧಾರವಾಡದ ಕನ್ನಡದಲ್ಲಿ ಮೂರು ಸಾಲು. ಕೆಳಗೆ ಬರೆದಿದ್ದಳು: ‘ಹೋಗಾಕ ಹನ್ನೆರಡೂವರೆ, ಬರಾಕ ಹನ್ನೆರಡೂವರೆ. ಖರೇ 25 ನಿಮಿಷ. ಕುಂತವರಿಗೆ ಮಾತ್ರ.’ ಅಂದ್ರೆ ಕೊನೆಯ ಪರದೆಯನ್ನ ಆರಿಸದೆ, ನಲವತ್ತು ಸೆಕೆಂಡಿನ ಸುಳ್ಳು ಸಮಯ ಅಲ್ಲ, ನಿಜವಾದ ಇಪ್ಪತ್ತೈದು ನಿಮಿಷ ಕಾದವರಿಗೆ ಒಂದು ಬೀಪ್ ಕೇಳುತ್ತೆ, ಉತ್ತರ ಬರುತ್ತೆ. ಎಲ್ಲೂ ಸುಳಿವಿಲ್ಲ, ಚೀಟಿಗಳಲ್ಲೂ ಇಲ್ಲ.

ನನಗೆ ಇವತ್ತಿಗೂ ಹಳೇ ಅಂತ್ಯವೇ ಇಷ್ಟ. ಆದರೂ ಅವತ್ತು ರಾತ್ರಿಯೇ ಅದನ್ನ ಸೇರಿಸಿ ಹೊಸ ಆವೃತ್ತಿ ಹಾಕಿದೆ. ಏನೇನು ಬದಲಾಗಿದೆ ಅನ್ನೋ ಪಟ್ಟಿಯಲ್ಲಿ ‘ಸಣ್ಣಪುಟ್ಟ ತಿದ್ದುಪಡಿ’ ಅಂತಷ್ಟೇ ಬರೆದೆ. ಹಡಗಿನವರ ಮನೆಗೆ ಮಾತ್ರ, ಇನ್ನೊಮ್ಮೆ ಆಡಿ ನೋಡಿ ಅಂತ ಬರೆದ್ವಿ. ಆಟದ ಹೆಸರು ಇಲ್ಲಿ ಯಾಕೆ ಹೇಳಲಿಲ್ಲ ಅಂತ ಈಗ ಗೊತ್ತಾಯ್ತಲ್ಲ.

ಹೋದ ವಾರದವರೆಗೆ ಆ ಮೂರು ಸಾಲು ಓದಿದ್ದೀವಿ ಅಂತ ಬರೆದವರು ಐದು ಜನ. ಒಬ್ಬರು ಪರದೆ ಹಾಗೇ ಬಿಟ್ಟು ಸ್ನಾನಕ್ಕೆ ಹೋಗಿದ್ದರಂತೆ. ಇನ್ನೊಬ್ಬರು ಒಲೆ ಮೇಲೆ ಬೇಳೆ ಇಟ್ಟಿದ್ದರಂತೆ, ಕುಕ್ಕರಿನ ಮೂರನೇ ಸೀಟಿಗೂ ಮಂಗಳದ ಬೀಪಿಗೂ ಒಂದೇ ಗಳಿಗೆ. ಮೊದಲು ಯಾವುದರ ಕಡೆ ಓಡಿದ್ರಿ ಅಂತ ಕೇಳಿ ಬರೆದಿದ್ದೀನಿ. ಇನ್ನೂ ಉತ್ತರ ಬಂದಿಲ್ಲ.