ಉಭಯ ಕುಶಲೋಪರಿ

ಹಳೆಯ ಕಾಗದಗಳನ್ನು ತಿರುವಿಹಾಕುವ ಅಭ್ಯಾಸವುಳ್ಳವರಿಗೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆ ಅಪರಿಚಿತವಲ್ಲ. ನಾವು ಕುಶಲ, ನೀವೂ ಕುಶಲರೆಂದು ನಂಬಿದ್ದೇವೆ, ಇನ್ನು ವಿಷಯಕ್ಕೆ ಬರೋಣ ಎಂಬಷ್ಟನ್ನೂ ಮೂರೇ ಮಾತಿನಲ್ಲಿ ಮುಗಿಸುವ ಈ ಜಾಣ್ಮೆಯನ್ನು ನಾವು ಹಳತೆಂದು ಬಿಸುಟೆವು. ನಮ್ಮ ವಿದ್ಯಾರ್ಥಿಗಳು ದೊಡ್ಡವರಿಗೆ ಬರೆಯುವ ಮಿಂಚಂಚೆಗಳನ್ನು ನೋಡುವಾಗ ಆ ನಷ್ಟ ಎಷ್ಟೆಂದು ತಿಳಿಯುತ್ತದೆ.

ಈಚೆಗೆ ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ಬಂದಳು. ‘ಮಂಗಳೂರ ಸಮಾಚಾರ’ದ ಮೇಲೆ ಪ್ರಬಂಧ ಬರೆಯುತ್ತಿರುವವಳು, ದೂರದೂರಿನ ವಿದ್ವಾಂಸರೊಬ್ಬರಿಗೆ ಬರೆದು ಮೂರು ವಾರ ಕಳೆದರೂ ಉತ್ತರವಿಲ್ಲ. “ನಮ್ಮಂಥವರಿಗೆ ಅವರು ಯಾಕೆ ಬರೆಯುತ್ತಾರೆ ಸರ್?” ಎಂದಳು. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಇಂಥವರು ಮೌನವನ್ನು ವಿಳಂಬವೆಂದು ತಿಳಿಯರು, ನಿರಾಕರಣೆಯೆಂದೇ ತಿಳಿಯುತ್ತಾರೆ. ಮತ್ತೊಮ್ಮೆ ಬರೆಯುವ ಧೈರ್ಯ ಅಲ್ಲಿಗೆ ಮುಗಿಯಿತು.

ಪತ್ರವನ್ನು ಓದಿದೆ. ಎರವಲು ಇಂಗ್ಲಿಷಿನ ನಾಲ್ಕು ಕಂಡಿಕೆ. ಮೊದಲೆರಡರಲ್ಲಿ ವಿದ್ವಾಂಸರ ಸ್ತುತಿ, ಮೂರನೆಯದರಲ್ಲಿ ಆತ್ಮಪರಿಚಯ, ಕಟ್ಟಕಡೆಗೆ, ಕರಾವಳಿಯ ಪತ್ರಿಕೋದ್ಯಮದ ಕುರಿತು ತಮ್ಮಲ್ಲಿರುವ ಮಾಹಿತಿಯನ್ನೆಲ್ಲ ದಯಪಾಲಿಸಬೇಕೆಂಬ ಕೋರಿಕೆ. ‘ವಿಷಯ’ ಎಂಬಲ್ಲಿ ‘ಒಂದು ವಿನಂತಿ’ ಎಂದಷ್ಟೆ. ಇದಕ್ಕೆ ಉತ್ತರಿಸಬೇಕಾದರೆ ಆ ಹಿರಿಯರು ಒಂದು ಗ್ರಂಥವನ್ನೇ ಬರೆಯಬೇಕು! ಬಿಡುವಿಲ್ಲದ ಮನುಷ್ಯ ಇಂಥ ಪತ್ರವನ್ನು ನಾಳೆ ನೋಡೋಣವೆಂದು ಬದಿಗಿಡುತ್ತಾನೆ. ಆ ನಾಳೆ ಬರುವುದಿಲ್ಲ. ಇದರಲ್ಲಿ ಅಹಂಕಾರವನ್ನು ಕಾಣುವುದು ಅನ್ಯಾಯ.

ಹಿಂದೆ ಅಂಚೆಕಚೇರಿಯಲ್ಲಿ ರಿಪ್ಲೈ ಕಾರ್ಡು ದೊರೆಯುತ್ತಿತ್ತು. ಜೋಡಿ ಕಾರ್ಡು, ಒಂದರಲ್ಲಿ ನಮ್ಮ ಪ್ರಶ್ನೆ, ಇನ್ನೊಂದರ ಮೇಲೆ ನಮ್ಮದೇ ವಿಳಾಸ. ಉತ್ತರದ ವೆಚ್ಚವನ್ನು ಕೇಳುವವನೇ ಮುಂದಾಗಿ ತೆತ್ತಿರುತ್ತಿದ್ದ. ಮಿಂಚಂಚೆಗೆ ಕಾಸಿನ ವೆಚ್ಚವಿಲ್ಲದಿರಬಹುದು. ಓದಿ, ಯೋಚಿಸಿ, ಬರೆಯುವ ವೆಚ್ಚವುಂಟು. ಅದರ ಹೆಚ್ಚಿನ ಪಾಲನ್ನು ಕೇಳುವವರೇ ಹೊರಬೇಕೆಂದು ನನ್ನ ಎಣಿಕೆ. ದೊಡ್ಡವರಾದವರು ಹೇಗಿದ್ದರೂ ಉತ್ತರಿಸಬೇಕಲ್ಲವೇ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ವಿಜ್ಞಾನ ಗ್ರಂಥಗಳ ನಡುವೆಯೂ ಅಪರಿಚಿತರ ಪತ್ರಗಳಿಗೆ ತಾವೇ ಉತ್ತರಿಸುತ್ತಿದ್ದರು, ಅದೂ ಚುಟುಕಾಗಿ. ಆದರೆ ಎಲ್ಲರೂ ಕಾರಂತರಾಗಲೆಂದು ಕಾಯುತ್ತ ಕೂರುವಂತಿಲ್ಲ.

“ನಿನಗೆ ನಿಜವಾಗಿ ಬೇಕಾದುದೇನು?” ಎಂದು ಹುಡುಗಿಯನ್ನು ಕೇಳಿದೆ. ತಟ್ಟನೆ ಹೇಳಿದಳು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಇಲ್ಲಿ ಆರಂಭಿಸಿದ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತಷ್ಟೆ, ಆ ಬಳ್ಳಾರಿಯ ಸಂಚಿಕೆಗಳು ಎಲ್ಲಿ ನೋಡಸಿಗುತ್ತವೆ? ಬಲ್ಮಠದ ಪತ್ರಾಗಾರದಲ್ಲಿ ತಾನು ಹುಡುಕಿದ್ದನ್ನೂ ಹೇಳಿದಳು. ಪತ್ರದಲ್ಲಿ ಇದಾವುದೂ ಇರಲಿಲ್ಲ! ಇದನ್ನೇ ಕನ್ನಡದಲ್ಲಿ ಐದು ಸಾಲಾಗಿ ಬರೆಸಿದೆ. ‘ವಿಷಯ’ದಲ್ಲಿ ‘ಕನ್ನಡ ಸಮಾಚಾರದ ಬಳ್ಳಾರಿ ಸಂಚಿಕೆಗಳು: ಒಂದು ಪ್ರಶ್ನೆ’; ಕೊನೆಗೆ, ಯಾರನ್ನು ಕೇಳಬೇಕೆಂದು ಒಂದು ಹೆಸರು ಸೂಚಿಸಿದರೂ ಸಾಕು ಎಂಬ ಮಾತು. (ಕನ್ನಡದ ವಿದ್ವಾಂಸರಿಗೂ ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಭ್ರಮೆ ನಮ್ಮ ಮಕ್ಕಳಿಗೆ ಎಲ್ಲಿಂದ ಅಂಟಿತೋ!)

ಮರುದಿನ ಸಂಜೆಯೇ ಎರಡು ಸಾಲಿನ ಉತ್ತರ ಬಂತು. ತಮಗೆ ತಿಳಿಯದೆಂದು ಒಪ್ಪಿಕೊಂಡು, ತಿಳಿದಿರಬಹುದಾದ ಇಬ್ಬರ ಹೆಸರನ್ನು ಕೊಟ್ಟಿದ್ದರು. ಅವರಿಬ್ಬರಿಗೂ ಹುಡುಗಿ ಆಗಲೇ ಬರೆದಾಗಿತ್ತು. “ಮೊದಲಿನವರಿಗೆ ಕೃತಜ್ಞತೆ ತಿಳಿಸಿದೆಯಾ?” ಎಂದು ಕೇಳಿದರೆ ತಲೆ ತಗ್ಗಿಸಿದಳು.