ತರಬೇತಿಯ ಜೊತೆ ಸಂಬಳವೂ ಬೇಕು

ದುರ್ಬಲ ರಾಷ್ಟ್ರಗಳ ಪತ್ರಿಕೋದ್ಯಮವನ್ನು ಸುಧಾರಿಸಲು ದಾನಿ ದೇಶಗಳು ಮೊದಲು ಸೂಚಿಸುವ ಮದ್ದು ತರಬೇತಿ. ಹೋಟೆಲಿನಲ್ಲಿ ಮೂರು ದಿನಗಳ ಕಾರ್ಯಾಗಾರ, ದಿನಭತ್ಯೆ, ಕೊನೆಗೊಂದು ಪ್ರಮಾಣಪತ್ರ. ದೀರ್ಘಕಾಲ ಸರ್ಕಾರಿ ಸೇವೆಯಲ್ಲಿದ್ದ ನನಗೆ ಈ ಕ್ರಮ ಚಿರಪರಿಚಿತ. ಎಷ್ಟು ಮಂದಿ ತರಬೇತಿ ಪಡೆದರೆಂಬುದು ಕಡತದಲ್ಲಿ ದಾಖಲಾಗುತ್ತದೆ; ಅವರು ಮರಳಿದ ಮೇಲೆ ಕೆಲಸದ ರೀತಿ ಬದಲಾಯಿತೇ ಎಂದು ಕೇಳುವವರು ವಿರಳ.

ಭಾರತದ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ದೀರ್ಘಕಾಲ ದುಡಿದಿರುವ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯವನ್ನೇ ನೋಡಿ. ಅಲ್ಲಿ ‘ಕೂಪಾಜ್’ ಎಂಬ ಪದ್ಧತಿಯಿದೆ. ಸಮಾರಂಭ ಏರ್ಪಡಿಸಿದವರು ವರದಿಗಾರನಿಗೆ ಹಣ ಕೊಡುತ್ತಾರೆ, ಆತ ಸುದ್ದಿ ಪ್ರಕಟಿಸುತ್ತಾನೆ. ಅನೇಕ ಮಾಧ್ಯಮ ಸಂಸ್ಥೆಗಳು ಸಂಬಳವನ್ನೇ ಸರಿಯಾಗಿ ಕೊಡದಿರುವಾಗ ಈ ಹಣವೇ ಆತನ ಜೀವನೋಪಾಯ. ಇಂಥವನಿಗೆ ವೃತ್ತಿಧರ್ಮದ ಉಪನ್ಯಾಸ ಮಾಡಿದರೆ ಆತ ವಿನಯದಿಂದ ಕೇಳಿಸಿಕೊಂಡಾನು. ಮರುದಿನ ಮನೆಗೆ ಅಕ್ಕಿ-ಬೇಳೆ ತರಬೇಕಾದವನೂ ಆತನೇ. ಇದನ್ನು ಬರೀ ನೈತಿಕ ಅಧಃಪತನವೆಂದು ಬಗೆಯುವುದು ಅರ್ಥಶಾಸ್ತ್ರದ ಮೊದಲ ಪಾಠವನ್ನೇ ಮರೆತಂತೆ. 2009ರ ಲೋಕಸಭಾ ಚುನಾವಣೆಯ ನಂತರ ‘ಕಾಸಿಗಾಗಿ ಸುದ್ದಿ’ಯ ಕುರಿತು ನಮ್ಮ ಪತ್ರಿಕಾ ಮಂಡಳಿಯೂ ವರದಿ ಸಿದ್ಧಪಡಿಸಬೇಕಾಯಿತು ಎಂಬುದನ್ನು ನೆನೆದರೆ ಕಾಂಗೊವನ್ನು ಹಳಿಯುವ ಉತ್ಸಾಹ ಇಳಿದೀತು.

ಸುದ್ದಿ ಕೆಟ್ಟರೆ ಆಗುವ ಅನಾಹುತ ಆ ಪ್ರದೇಶಕ್ಕೆ ಹೊಸತಲ್ಲ. 1994ರಲ್ಲಿ ನೆರೆಯ ರುವಾಂಡದ ಮಿಲ್ ಕೊಲಿನ್ ಬಾನುಲಿ ಜನರನ್ನು ಹತ್ಯಾಕಾಂಡಕ್ಕೆ ಪ್ರಚೋದಿಸಿತು. ಅಲ್ಲಿನ ಉದ್ಘೋಷಕರಿಗೆ ಕೇಳುಗರನ್ನು ಸೆಳೆಯುವ ಕಲೆ ಚೆನ್ನಾಗಿಯೇ ಸಿದ್ಧಿಸಿತ್ತು.

ಈ ಹಿನ್ನೆಲೆಯಲ್ಲಿ ರೇಡಿಯೊ ಒಕಾಪಿಯ ಅನುಭವ ಗಮನಾರ್ಹ. ಯುದ್ಧದಿಂದ ದೇಶ ಹೋಳಾಗಿದ್ದಾಗ, 2002ರ ಫೆಬ್ರುವರಿ 25ರಂದು, ವಿಶ್ವಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇರೊಂಡೆಲ್ ಪ್ರತಿಷ್ಠಾನ ಕೂಡಿ ಇದನ್ನು ಆರಂಭಿಸಿದವು. ಫ್ರೆಂಚ್ ಹಾಗೂ ನಾಲ್ಕು ದೇಶೀಯ ಭಾಷೆಗಳಲ್ಲಿ ಅದು ಸುದ್ದಿ ಬಿತ್ತರಿಸಿತು. ಅಲ್ಲಿ ಕಲಿಕೆ ನಡೆದದ್ದು ಸುದ್ದಿಮನೆಯಲ್ಲೇ: ನಿತ್ಯದ ಸಂಪಾದಕೀಯ ಸಭೆ, ಅನುಭವಿಗಳ ತಿದ್ದುಪಡಿ, ಎರಡೂ ಪಕ್ಷಗಳನ್ನು ವಿಚಾರಿಸುವ ಶಿಸ್ತು. ಸ್ಥಳೀಯ ಮಾಧ್ಯಮಗಳಿಗಿಂತ ಉತ್ತಮವಾದ ಸಂಬಳ ಈ ಶಿಸ್ತಿಗೆ ಬೆನ್ನೆಲುಬಾಯಿತು.

ಇದಕ್ಕೂ ಮಿತಿಗಳುಂಟು. ಒಕಾಪಿಯ ಪತ್ರಕರ್ತರಾದ ಸೆರ್ಜ್ ಮಹೇಶೆ 2007ರಲ್ಲಿ, ಡಿಡಾಸ್ ನಮುಜಿಂಬೊ 2008ರಲ್ಲಿ ಬುಕಾವು ನಗರದಲ್ಲಿ ಹತ್ಯೆಗೀಡಾದರು. 2025ರ ಆರಂಭದಲ್ಲಿ ಗೋಮಾ ಮತ್ತು ಬುಕಾವು ನಗರಗಳು ಎಂ23 ಬಂಡುಕೋರರ ವಶವಾದವು. ಬಂದೂಕಿನ ಎದುರು ಪ್ರಮಾಣಪತ್ರ ರಕ್ಷಣೆ ನೀಡದು. ಇರೊಂಡೆಲ್ 2014ರಲ್ಲಿ ಒಕಾಪಿಯಿಂದ ಹೊರಬಂದಿತು. ವಿಶ್ವಸಂಸ್ಥೆಯ ಪಡೆಯೂ ಒಂದು ದಿನ ನಿರ್ಗಮಿಸಲೇಬೇಕು. ಆಗ ಸಂಬಳಪಟ್ಟಿಯ ಹೊಣೆ ಯಾರದು?

ಆದ್ದರಿಂದ ದಾನಿಗಳಲ್ಲಿ ನನ್ನ ನಿವೇದನೆ ಸರಳ. ನೂರು ಮಂದಿಗೆ ಮೂರು ದಿನ ಪಾಠ ಹೇಳುವ ಹಣವನ್ನು ಕೆಲವೇ ಸುದ್ದಿಮನೆಗಳಿಗೆ ಹತ್ತು ವರ್ಷ ಕೊಡಿ. ನಿಯತ ವೇತನ, ಒಬ್ಬ ಅನುಭವಿ ಸಂಪಾದಕ, ಕಾನೂನಿನ ನೆರವು ಇವು ಆ ಹಣದಿಂದ ದೊರೆಯಲಿ. ವರ್ಷಾಂತ್ಯದಲ್ಲಿ ತರಬೇತಿ ಪಡೆದವರ ತಲೆ ಎಣಿಸುವ ಬದಲು, ಅವರಲ್ಲಿ ಎಷ್ಟು ಮಂದಿ ಇನ್ನೂ ವೃತ್ತಿಯಲ್ಲಿದ್ದಾರೆ, ಎಷ್ಟು ಮಂದಿ ಕೂಪಾಜ್ ನಿರಾಕರಿಸಬಲ್ಲ ಸ್ಥಿತಿಯಲ್ಲಿದ್ದಾರೆ ಎಂದು ವಿಚಾರಿಸಿ.