ಗಾಜಿನೆಳೆಯ ಕವಚ, ಉಕ್ಕಿನ ತಿರುಳು

1986ರ ಜುಲೈ 5ರಂದು ಪಣಜಿಯಲ್ಲಿ ಮಾಂಡವಿ ನದಿಯ ಸೇತುವೆ ಕುಸಿದುಬಿತ್ತು. 1970ರ ಸುಮಾರಿಗೆ ಸಂಚಾರಕ್ಕೆ ತೆರೆದಿದ್ದ ಆ ಸೇತುವೆಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾಂಕ್ರೀಟಿನೊಳಗೆ ಬಿಗಿದಿದ್ದ ಉಕ್ಕಿನ ತಂತಿಗಳಿಗೆ ತುಕ್ಕು ಹಿಡಿದಿತ್ತು. ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕರಾವಳಿಯಲ್ಲಿ ತಾರಸಿ ಸೂರಿನಡಿ ಮಕ್ಕಳನ್ನು ಪಾಠಕ್ಕೆ ಕೂರಿಸುವ ತಂದೆತಾಯಿಗಳಿಗೆ ಈ ಸಂಗತಿ ದೂರದ್ದಲ್ಲ.

ಕಾಂಕ್ರೀಟು ಒತ್ತಡವನ್ನು ಧಾರಾಳವಾಗಿ ಸಹಿಸುತ್ತದೆ, ಎಳೆತವನ್ನು ಸಹಿಸದು. ಆ ಕೊರತೆಯನ್ನು ತುಂಬಲೆಂದೇ ಉಕ್ಕಿನ ಸರಳು ಬಂತು. ಬಿಸಿಲಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದು ಇವುಗಳ ದಾಂಪತ್ಯದ ಭಾಗ್ಯವೆನ್ನಬೇಕು. ಹೊಸ ಕಾಂಕ್ರೀಟಿನ ಕ್ಷಾರಗುಣ ಉಕ್ಕಿನ ಮೈಮೇಲೆ ತೆಳುವಾದ ರಕ್ಷಣಾ ಪದರವನ್ನು ಮೂಡಿಸುತ್ತದೆ. ಕಡಲಗಾಳಿಯ ಕ್ಲೋರೈಡು ಬಿರುಕುಗಳಲ್ಲಿಳಿದು ಈ ಪದರವನ್ನು ಹರಿದರೆ ತುಕ್ಕು ಆರಂಭವಾಗುತ್ತದೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಹೋಳುಹೋಳಾಗಿ ಉದುರುತ್ತದೆ. ಸೂರಿನಿಂದ ಕಳಚಿಬೀಳುವ ಚಕ್ಕೆಯನ್ನು ಕೇವಲ ಗಾರೆಯ ದೋಷವೆಂದು ಸುಣ್ಣ ಬಳಿದು ಮುಚ್ಚುವುದು ರೋಗವನ್ನು ಬಟ್ಟೆಯಿಂದ ಮರೆಮಾಡಿದಂತೆ.

ತುಕ್ಕೇ ಹಿಡಿಯದ ಸರಳು ಬೇಕೆಂಬ ಹಂಬಲದಿಂದ ಗಾಜಿನೆಳೆಗಳನ್ನು ರಾಳದಲ್ಲಿ ಅದ್ದಿ ತಯಾರಿಸಿದ ಸರಳುಗಳು ಬಂದವು. ತೂಕ ಉಕ್ಕಿನ ಕಾಲುಭಾಗ, ಎಳೆತದ ಬಲ ಉಕ್ಕಿಗಿಂತ ಅಧಿಕ. ಆದರೆ ಎರಡು ದೋಷಗಳುಂಟು. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್ ಆದರೆ ಗಾಜಿನೆಳೆ ಸರಳಿನದು 50ರ ಆಸುಪಾಸು. ಅದೇ ಭಾರಕ್ಕೆ ತೊಲೆ ಹೆಚ್ಚು ಬಾಗುತ್ತದೆ, ಬಿರುಕುಗಳು ಅಗಲವಾಗುತ್ತವೆ. ಎರಡನೆಯದು ಇನ್ನೂ ಗಂಭೀರ. ಉಕ್ಕು ಮುರಿಯುವ ಮುನ್ನ ಮಣಿಯುತ್ತದೆ. ಬಹಳಷ್ಟು ಹಿಗ್ಗಿ, ಬಿರುಕು ತೋರಿಸಿ, ಒಳಗಿರುವವರಿಗೆ ಹೊರಡುವಂತೆ ಎಚ್ಚರಿಕೆ ಕೊಡುತ್ತದೆ. ಗಾಜಿನೆಳೆಯ ಸರಳು ಕಡೆಯವರೆಗೂ ಹುಕ್‌ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಆಮೇಲೆ ಒಮ್ಮೆಗೇ ಹರಿದುಹೋಗುತ್ತದೆ.

ಇವೆರಡರ ಗುಣವನ್ನೂ ಒಂದೇ ಸರಳಿನಲ್ಲಿ ಕೂಡಿಸುವ ಯತ್ನವೇ ಮಿಶ್ರ ಸರಳು. ನಡುವೆ ಉಕ್ಕಿನ ತಿರುಳು, ಸುತ್ತಲೂ ಎಳೆ ಮತ್ತು ರಾಳದ ಕವಚ. ಆಂಟೋನಿಯೊ ನಾನಿ ಮತ್ತು ಸಂಗಡಿಗರು ಉಕ್ಕಿನ ಮೇಲೆ ಅರಾಮಿಡ್ ಎಳೆಯನ್ನು ಹೆಣೆದ ಇಂಥ ಸರಳುಗಳ ಎಳೆತದ ಗುಣಗಳನ್ನು 1994ರಲ್ಲೇ ಪ್ರಕಟಿಸಿದ್ದರು. ಮುಂದೆ ಚೀನಾದ ಸಂಶೋಧಕರು ಈ ದಾರಿಯಲ್ಲಿ ಬಹಳ ದೂರ ನಡೆದರು.

ಹೈಸ್ಕೂಲಿನ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕದಿಂದ ಇದರ ವರ್ತನೆ ತಿಳಿಯುತ್ತದೆ. ಸರಳಿನ ಅಡ್ಡಕೊಯ್ತದಲ್ಲಿ ಅರ್ಧ ಉಕ್ಕು, ಅರ್ಧ ಗಾಜಿನೆಳೆ ಎಂದಿಟ್ಟುಕೊಳ್ಳೋಣ. ಆರಂಭದ ಗುಣಾಂಕ 200 ಮತ್ತು 50ರ ಸರಾಸರಿ, ಅಂದರೆ 125. 500 ಮೆಗಾಪ್ಯಾಸ್ಕಲ್‌ಗೆ ಮಣಿಯುವ ಉಕ್ಕು ತನ್ನ ಉದ್ದದ ಶೇ. 0.25ರಷ್ಟು ಹಿಗ್ಗಿದಾಗ ಮಣಿಯುತ್ತದೆ. ಆಗ ಇಡೀ ಸರಳಿನ ಪೀಡನ ಸುಮಾರು 312. ಇಲ್ಲಿಂದ ಮುಂದೆ ಬರಿಯ ಉಕ್ಕಾಗಿದ್ದರೆ ರೇಖೆ ಬಹುತೇಕ ಚಪ್ಪಟೆಯಾಗುತ್ತಿತ್ತು. ಮಿಶ್ರ ಸರಳಿನಲ್ಲಿ ಎಳೆಗಳು ಇನ್ನೂ ಹುರುಪಿನಲ್ಲಿರುವುದರಿಂದ ರೇಖೆ ಕಡಿಮೆ ಏರಿನಲ್ಲಿ, 25 ಗಿಗಾಪ್ಯಾಸ್ಕಲ್‌ನ ಬಿಗಿಯಲ್ಲಿ ಮೇಲಕ್ಕೇ ಸಾಗುತ್ತದೆ. ಶೇ. 2ರ ಹಿಗ್ಗುವಿಕೆಯಲ್ಲಿ ಪೀಡನ 750ಕ್ಕೆ ಮುಟ್ಟುತ್ತದೆ. ಆ ಸುಮಾರಿಗೆ ಎಳೆಗಳು ಹರಿದರೂ ತಿರುಳು ಉಳಿದು ತನ್ನ ಪಾಲಿನ ಭಾರವನ್ನು ಹೊರುತ್ತದೆ.

ಮಣಿದ ಬಳಿಕವೂ ಏರುವ ಈ ರೇಖೆಯೇ ಮಿಶ್ರ ಸರಳಿನ ನಿಜವಾದ ಸಂಪತ್ತು. ಭೂಕಂಪದಲ್ಲಿ ವಾಲಿದ ಕಂಬ ಕಂಪನ ನಿಂತ ಮೇಲೆ ಎಷ್ಟು ವಾಲಿಯೇ ಉಳಿಯುತ್ತದೆ ಎಂಬುದರ ಮೇಲೆ ಕಟ್ಟಡದ ದುರಸ್ತಿಯ ಭವಿಷ್ಯ ನಿಂತಿದೆ. ಇಂಥ ಸರಳಿನಿಂದ ಆ ಉಳಿಕೆಯ ವಾಲು ತಗ್ಗುತ್ತದೆ.

ಆದರೂ ಅಂಗಡಿಯ ಮಾತನ್ನು ಪೂರ್ತಿ ನಂಬಲಾಗದು. ತಿರುಳಿಗೂ ಕವಚಕ್ಕೂ ನಡುವಿನ ಅಂಟು ಸಡಿಲಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಒತ್ತಡದಲ್ಲಿ ಎಳೆಗಳ ನೆರವು ಅಲ್ಪ. ಬೆಂಕಿಯ ಶಾಖಕ್ಕೆ, ನೀರು ಕುದಿಯುವ ಬಿಸಿಯ ಆಸುಪಾಸಿನಲ್ಲೇ, ರಾಳ ಮೆದುವಾಗತೊಡಗುತ್ತದೆ. ಕೆಲಸದ ಜಾಗದಲ್ಲಿ ಕಂಬಿ ಬಗ್ಗಿಸುವವರು ರೂಢಿಯಂತೆ ಬಗ್ಗಿಸಿದರೆ ಕವಚ ಸೀಳುತ್ತದೆ. ಗಾಜಿನ ಬದಲು ಇಂಗಾಲದ ಎಳೆಯನ್ನು ಉಕ್ಕಿಗೆ ನೇರವಾಗಿ ತಾಗಿಸಿದರೆ, ತೇವ ಸೇರಿದಾಗ ಅದು ಬ್ಯಾಟರಿಯಂತೆ ವರ್ತಿಸಿ ತುಕ್ಕನ್ನು ತಾನೇ ಚುರುಕುಗೊಳಿಸುತ್ತದೆ. ತುಕ್ಕು ತಡೆಯಲೆಂದು ತಂದದ್ದೇ ತುಕ್ಕಿಗೆ ನೆರವಾಗುವುದು!

ಕಾನೂನಿನ ಕಡೆಯಿಂದಲೂ ಒಂದು ಮಾತು. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಹೊರತಂದ ಐ.ಎಸ್. 18256 ಘನ ದುಂಡು ಗಾಜಿನೆಳೆ ಸರಳುಗಳಿಗೆ ಸಂಬಂಧಿಸಿದ್ದು. ಒಳಗೆ ಉಕ್ಕಿರುವ ಸರಳನ್ನು ಮಾರುವವನು ಆ ಪ್ರಮಾಣಪತ್ರವನ್ನು ತೋರಿಸಿದರೆ ಅದು ಬೇರೆ ವಸ್ತುವಿನ ಪತ್ರವೆಂದೇ ತಿಳಿಯಬೇಕು. ಮಾರಾಟಗಾರನ ಬಾಯಿಮಾತಿನ ಭರವಸೆಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಜಾಣತನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮು ವಸ್ತು ತಯಾರಕನ ಸ್ಪಷ್ಟ ಭರವಸೆಗೆ ಹೊಂದದಿದ್ದರೆ ಅವನನ್ನು ಹೊಣೆಯಾಗಿಸುತ್ತದೆ.

ಸದ್ಯ ಮನೆಯನ್ನೋ ಶಾಲೆಯ ಕೊಠಡಿಯನ್ನೋ ಕಟ್ಟಿಸುವವರ ಕೈಯಲ್ಲಿರುವುದು ಐ.ಎಸ್. 456. ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಅದು ಕನಿಷ್ಠ ಎಂ-30 ದರ್ಜೆಯನ್ನೂ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ವಿಧಿಸುತ್ತದೆ. ಮಿಶ್ರ ಸರಳನ್ನೇ ತರುವುದಾದರೆ ಕತ್ತರಿಸಿದ ತುದಿಗಳಲ್ಲಿ ಬತ್ತಲಾಗುವ ತಿರುಳನ್ನು ರಾಳದಿಂದ ಮುಚ್ಚುವ ಹೊಣೆ ಯಾರದೆಂಬುದನ್ನು ಕರಾರುಪತ್ರದಲ್ಲಿ ಮೊದಲೇ ನಮೂದಿಸತಕ್ಕದ್ದು. ಉಪ್ಪುನೀರು ಮೊದಲು ಒಳಹೊಗುವುದು ಅಲ್ಲಿಂದಲೇ.